ಗೋಡೆಗೆ ಹಚ್ಚಿದ ವಿಭೂತಿ

ಪಡುವಾರಹಳ್ಳಿಯ ಪ್ರೇಮಲೀಲಮ್ಮನವರ ಮೆಸ್ಸಿನಲ್ಲಿ ಯಾರು ಎಲ್ಲಿ ಕೂರುತ್ತಾರೆಂದು ಗೋಡೆಯೇ ಹೇಳುತ್ತಿತ್ತು. ಗೋಡೆಗೆ ಒತ್ತಿ ಹಾಕಿದ ಉದ್ದನೆಯ ಬೆಂಚು. ಅನ್ನ ಬರುವವರೆಗೆ ಒಮ್ಮೆ, ಮಜ್ಜಿಗೆ ಬರುವವರೆಗೆ ಇನ್ನೊಮ್ಮೆ ತಲೆಯನ್ನು ಹಿಂದಕ್ಕೆ ಒರಗಿಸುವುದು ನಮ್ಮೆಲ್ಲರ ರೂಢಿ. ಒರಗಿ ಒರಗಿ ಬೆಂಚಿನುದ್ದಕ್ಕೂ ಎಣ್ಣೆಯ ಕಲೆಗಳು ಮೂಡಿದ್ದವು. ಹೊಸಬರು ತಪ್ಪಿ ಕೂತರೆ, "ಅದು ಬಿಂದುಮಾಧವ ಅವರ ತಲೆ, ಈಚೆ ಬನ್ನಿ" ಎಂದು ಎಬ್ಬಿಸುತ್ತಿದ್ದೆವು.

ತೊಂಬತ್ತೇಳರ ಯುಗಾದಿಗೆ ಪ್ರೇಮಲೀಲಮ್ಮ ಗೋಡೆಗೆ ಪಿಸ್ತಾ ಬಣ್ಣದ ಡಿಸ್ಟೆಂಪರ್ ಹೊಡೆಸಿದರು. ಗಂಡ ಹೋದ ಮೇಲೆ ಮನೆಯ ಹಜಾರವನ್ನೇ ಮೆಸ್ ಮಾಡಿಕೊಂಡಿದ್ದ ಹೆಂಗಸು. ಆ ಬಣ್ಣ ನೋಡಿಕೊಂಡು ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು. ಮೂರನೆಯ ದಿನ ಮೊದಲ ಕಲೆ ಬಿತ್ತು. ಅದು ಚನ್ನಬಸವಯ್ಯನವರದು.

ಚನ್ನಬಸವಯ್ಯನವರು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ, ಐವತ್ತು ದಾಟಿದ ಬ್ರಹ್ಮಚಾರಿ. ಮಾತು ಕಡಿಮೆ, ಎಣ್ಣೆ ಜಾಸ್ತಿ. ಬೆಳಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ ಮಧ್ಯಾಹ್ನದ ಹೊತ್ತಿಗೆ ಕಿವಿಯ ಹಿಂದೆ ಇಳಿದಿರುತ್ತಿತ್ತು.

ಅಡುಗೆಗೆ ನೆರವಾಗುತ್ತಾ ಅದೇ ಮನೆಯಲ್ಲಿದ್ದ ಭಾಗ್ಯಮ್ಮ ಬಟ್ಟೆ ಸೋಪು, ತೆಂಗಿನ ನಾರು ತಂದು ಕಲೆಯನ್ನು ಪಾತ್ರೆಯಂತೆ ತಿಕ್ಕಿದಳು.

"ಓಯ್ತು ಕಣಕ್ಕ!"

ಹೋಗಿತ್ತು. ಜೊತೆಗೆ ಬಣ್ಣವೂ ಹೋಗಿ, ಹಿಂದಿನ ಸುಣ್ಣ ಇಣುಕುತ್ತಿತ್ತು.

"ಕಲೇನೇ ವಾಸಿಯಾಗಿತ್ತಲ್ಲೇ ಭಾಗ್ಯ," ಎಂದರು ಪ್ರೇಮಲೀಲಮ್ಮ.

ಮುಂದಿನ ವಾರ ಪಕ್ಕದಲ್ಲೇ ಇನ್ನೊಂದು ಕಲೆ ಬಿದ್ದಾಗ ಚನ್ನಬಸವಯ್ಯನವರು ಕೈ ತೊಳೆದು ಬಂದು ನಿಂತರು. "ಇದನ್ನ ಮುಟ್ಟಬೇಡೀಮ್ಮಾ. ಡಿಸ್ಟೆಂಪರು ನೀರು ಕಂಡ್ರೆ ಹೆದರುತ್ತೆ. ಭಾನುವಾರ ಸಾಯಂಕಾಲ ಬಂದು ನಾನೇ ತೆಗೆದುಕೊಡ್ತೀನಿ."

ಭಾನುವಾರ ರಾತ್ರಿ ಮೆಸ್ಸಿಗೆ ರಜಾ. ಒಲೆಯಿಲ್ಲದ ರೂಮಿನವರಿಗೆ ವಾರದಲ್ಲಿ ಅದಕ್ಕಿಂತ ಉದ್ದದ ಸಾಯಂಕಾಲ ಇರಲಿಲ್ಲ. ಸರ್ಕಲ್ಲಿನ ಬೇಕರಿಯಲ್ಲಿ ಬನ್ನು ತಿಂದು, ರೂಮಿಗೆ ಹೋಗಲು ಮನಸ್ಸಿಲ್ಲದೆ ಬಸ್ ಸ್ಟಾಪಿನಲ್ಲಿ ಕೂತು, ಬಂದ ಬಸ್ಸನ್ನೆಲ್ಲ ಹತ್ತದೆ ಕಳಿಸುತ್ತಿದ್ದೆವು.

ಆ ಭಾನುವಾರ ನಡೆದದ್ದನ್ನು ಭಾಗ್ಯಮ್ಮ ಸೋಮವಾರ ಸಾರಿನ ಜೊತೆ ಬಡಿಸಿದಳು. ಚನ್ನಬಸವಯ್ಯನವರು ಜೇಬಿನಿಂದ ಒಡೆದ ವಿಭೂತಿ ಗಟ್ಟಿಯನ್ನು ತೆಗೆದು ನುಣ್ಣಗೆ ಪುಡಿ ಮಾಡಿ, ಮಗುವಿನ ಬೆನ್ನಿಗೆ ಪೌಡರು ಹಚ್ಚುವ ಹಾಗೆ ಕಲೆಯ ಮೇಲೆ ಒತ್ತಿದರಂತೆ.

"ಗೋಡೆಗೆ ವಿಭೂತಿ ಹಚ್ಚಬಹುದೇನ್ರೀ?" ಎಂದು ಪ್ರೇಮಲೀಲಮ್ಮನವರಿಗೆ ಅಳುಕು.

"ನಮ್ಮ ಹಣೆ ಎಣ್ಣೆ ದಿನಾ ಹೀರೋದು ಇದೇ ಅಲ್ವೇನಮ್ಮಾ? ಗೋಡೆ ಏನು ಪಾಪ ಮಾಡಿತ್ತು?"

"ಗೋಡೆಗೂ ದೀಕ್ಷೆ ಕೊಟ್ಬುಟ್ರು ಅಯ್ನೋರು," ಎಂದಳಂತೆ ಭಾಗ್ಯಮ್ಮ.

ಪುಡಿ ಎಣ್ಣೆ ಹೀರಲು ಹೊತ್ತು ಬೇಕು. ಅವರು ಎದುರಿನ ಬೆಂಚಿನಲ್ಲಿ ಕೂತು ಕಾದರು. ಮೆತ್ತಗಿನ ಬಟ್ಟೆಯಿಂದ ಅದನ್ನು ಉದುರಿಸಿ, ಮತ್ತೆ ಒತ್ತಿ, ಮತ್ತೆ ಕಾದರು. ಕೊನೆಗೆ ಅಂಟುವಾಳದ ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯನ್ನು ಮೊದಲು ಕ್ಯಾಲೆಂಡರಿನ ಹಿಂದೆ ಒತ್ತಿ ನೋಡಿ, ಬಣ್ಣ ಬಿಡದೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಕಲೆಯ ಜಾಗವನ್ನು ಉಜ್ಜದೆ ಬರೀ ಮುಟ್ಟಿ ಮುಟ್ಟಿ ತೆಗೆದರು. ಒಂದು ಬಾಡಿಗೆ ರೂಮಿನಿಂದ ಇನ್ನೊಂದಕ್ಕೆ ಹೋಗುವವನು ಹಾಸಿಗೆಯ ಪಕ್ಕದ ಗೋಡೆಯಿಂದ ತನ್ನ ಗುರುತನ್ನು ಅಳಿಸಿಯೇ ಹೊರಡಬೇಕು. ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಕಾಯುವ ಮನುಷ್ಯನ ಎದುರಿಗೆ ತಾವಿಬ್ಬರೇ ಹೇಗೆ ಉಣ್ಣುವುದು? ಪ್ರೇಮಲೀಲಮ್ಮ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟರು. ಮೆಸ್ಸಿನದಲ್ಲ, ಮನೆಯದು.

ಮುಂದೆ ನಡೆದದ್ದನ್ನು ನಾವು ಕಣ್ಣಾರೆ ಕಂಡೆವು. ಅಷ್ಟರಲ್ಲಿ ಪೊಟ್ಟಣದ ಶಾಂಪೂ ಬಂದು ನಮ್ಮ ತಲೆಗಳೆಲ್ಲ ಒಣಹುಲ್ಲಾಗಿದ್ದವು. ಗೋಡೆ ನಮ್ಮನ್ನು ಮರೆತಿತ್ತು. ಆದರೂ ವಾರಕ್ಕೊಂದು ಕಲೆ ತಪ್ಪದೆ ಬೀಳುತ್ತಿತ್ತು, ಪ್ರತಿ ಸಲವೂ ಬೇರೆ ಜಾಗದಲ್ಲಿ. ವರ್ಷಾನುಗಟ್ಟಲೆ ಮೂಲೆ ಬಿಟ್ಟು ಕದಲದ ಚನ್ನಬಸವಯ್ಯನವರು ಈಗ ಒಂದು ದಿನ ಕಿಟಕಿಯ ಬಳಿ, ಇನ್ನೊಂದು ದಿನ ಬಾಗಿಲ ಬಳಿ ಕೂರುತ್ತಿದ್ದರು. ಮಜ್ಜಿಗೆ ಮುಗಿದ ಮೇಲೂ ತಲೆ ಒರಗಿಸಿಕೊಂಡೇ ಇರುತ್ತಿದ್ದರು.

"ಏನ್ರೀ, ಮ್ಯೂಸಿಕಲ್ ಚೇರಾ?" ಎಂದು ಬಿಂದುಮಾಧವ ಕೆಣಕಿದ.

"ಗಾಳಿ ಬರುತ್ತೆ ಇಲ್ಲಿ," ಎಂದರು ಚನ್ನಬಸವಯ್ಯನವರು. ಅಲ್ಲಿ ಗಾಳಿ ಬರುತ್ತಿರಲಿಲ್ಲ. ನಾವು ಯಾರೂ ಮುಂದೆ ಕೇಳಲಿಲ್ಲ. ಭಾನುವಾರದ ಸಾಯಂಕಾಲ ಹೇಗಿರುತ್ತದೆಂದು ನಮಗೂ ಗೊತ್ತಿತ್ತಲ್ಲ.

ಕೇಡು ಬಂದದ್ದು ಪ್ರೇಮಲೀಲಮ್ಮನವರ ಒಳ್ಳೆಯತನದಿಂದ. ಗೌರಿ ಹಬ್ಬದ ಹೊತ್ತಿಗೆ ಅವರು ಎಲ್ಲರೆದುರಿಗೇ ಹೇಳಿದರು: "ಪಾಪ, ವಾರ ವಾರಾ ನಿಮಗೆಷ್ಟು ತೊಂದ್ರೆ ಕೊಡೋದು ಚನ್ನಬಸವಯ್ಯನೋರೇ! ತಲೆ ತಾಗೋ ಮಟ್ಟದವರೆಗೂ ಟೈಲ್ಸ್ ಹಾಕಿಸಿಬಿಡ್ತೀನಿ. ಒರೆಸಿದ್ರೆ ಮುಗೀತು. ನೀವು ಭಾನುವಾರ ಆರಾಮಾಗಿ ರೂಮಲ್ಲಿರಿ."

ಚನ್ನಬಸವಯ್ಯನವರು ಕಲಸಿದ ಅನ್ನವನ್ನೇ ಇನ್ನೊಮ್ಮೆ ಕಲಸಿದರು. "ತೊಂದ್ರೆ ಏನಿಲ್ಲಮ್ಮಾ," ಎಂದದ್ದು ಮೂಲೆಯ ಫ್ಯಾನಿಗೆ ಮಾತ್ರ ಕೇಳಿಸಿರಬೇಕು.

ಶನಿವಾರ ಊಟದ ಹೊತ್ತಿಗೇ ಭಾಗ್ಯಮ್ಮನ ಅಣ್ಣನ ಮಗ, ಗಾರೆ ಕೆಲಸದ ಬೀರೇಶ್ ಬಂದ. ಕಿವಿಯ ಮೇಲೆ ಪೆನ್ಸಿಲು. "ಎಷ್ಟೆತ್ರ ಬೇಕು?"

"ಅಯ್ನೋರ ತಲೆ ಎಷ್ಟೆತ್ರಾನೋ ಅಷ್ಟು," ಎಂದಳು ಭಾಗ್ಯಮ್ಮ. "ಬೇರೆಯೋರ ತಲೇಲಿ ಎಣ್ಣೆ ಎಲ್ಲದೆ? ಅಯ್ನೋರೇ, ಒಸಿ ಕೂತ್ಕಳಿ, ಗುರ್ತು ಮಾಡ್ಕೊಳ್ಲಿ."

ಚನ್ನಬಸವಯ್ಯನವರು ಹೋಗಿ ಬೆಂಚಿನ ನಡುವೆ ಕೂತರು. ಎಲ್ಲರೂ ನೋಡುತ್ತಿದ್ದೆವು. ಬೀರೇಶ್ ಪೆನ್ಸಿಲು ಹಿಡಿದು ಬಗ್ಗುತ್ತಿದ್ದಂತೆ ಅವರ ಬೆನ್ನು ಮೆಲ್ಲಗೆ ಜಾರಿತು. ಮೊದಲು ಭುಜ, ಆಮೇಲೆ ಕತ್ತು. ಆರಡಿ ಆಳು ಶಾಲೆಗೆ ತಡವಾಗಿ ಬಂದ ಹುಡುಗನಂತೆ ಬೆಂಚಿನಲ್ಲಿ ಮುದುಡಿದ್ದರು. ಕಣ್ಣು ನೆಲದ ಮೇಲಿತ್ತು. ಬಿಂದುಮಾಧವ ಕೂಡ ನಗಲಿಲ್ಲ.

"ಅಕ್ಕಾ, ಬಗ್ಗಿ ಕೂತವ್ರೆ ನೋಡು," ಎಂದಳು ಭಾಗ್ಯಮ್ಮ. "ಇಂಗಾದ್ರೆ ಟೈಲ್ಸು ಕತ್ತಿಗೂ ಬರಕ್ಕಿಲ್ಲ."

ಪ್ರೇಮಲೀಲಮ್ಮ ಸಾರಿನ ಸೌಟು ಹಿಡಿದುಕೊಂಡೇ ಅವರನ್ನು ನೋಡಿದರು. ಅವರ ಕಣ್ಣು ಕಿಟಕಿಯ ಬಳಿಯ ಕಲೆ ತೆಗೆದ ಜಾಗಕ್ಕೆ, ಅಲ್ಲಿಂದ ಬಾಗಿಲ ಬಳಿಯ ಜಾಗಕ್ಕೆ ಹೋಗಿ ಮತ್ತೆ ಬೆಂಚಿಗೆ ಬಂತು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಂಗೂ ಕಣ್ಣು ಕಾಣ್ಸುತ್ತೆ ಕಣೆ," ಎಂದರು. "ಬೀರೇಶ, ಅಲ್ಲಿಗೇ ಗುರುತು ಹಾಕು."

"ಸಾಲಲ್ಲ ಕಣಮ್ಮ ಅದು, ಆಮೇಲೆ ನನ್ನ ಬಯ್ಬೇಡಿ."

"ಸಾಲುತ್ತೆ. ಹಾಕು."

ಬಿಳಿ ಟೈಲ್ಸ್ ಬಂತು. ನೆಟ್ಟಗೆ ಕೂತವರ ಭುಜಕ್ಕೆ ಸರಿಯಾಗಿ ನಿಂತಿತು. ಅದರ ಮೇಲೆ ಪಿಸ್ತಾ ಬಣ್ಣ ಹಾಗೆಯೇ ಉಳಿಯಿತು.

ಮುಂದಿನ ಭಾನುವಾರ ನಾನೂ ಬಿಂದುಮಾಧವನೂ ಸರ್ಕಲ್ಲಿಗೆ ಹೋಗುವಾಗ ಮೆಸ್ಸಿನ ಬಾಗಿಲಲ್ಲಿ ರಜಾ ಬೋರ್ಡು ತೂಗುತ್ತಿತ್ತು. ಕಿಟಕಿ ತೆರೆದಿತ್ತು. ಖಾಲಿ ಬೆಂಚುಗಳ ನಡುವೆ ಚನ್ನಬಸವಯ್ಯನವರು ಒಬ್ಬರೇ ಕೂತು, ಟೈಲ್ಸಿನ ಅಂಚಿಗಿಂತ ಮೇಲೆ ಗೋಡೆಗೆ ಹಚ್ಚಿದ ವಿಭೂತಿಯ ಬಿಳಿ ತೇಪೆಯನ್ನು ನೋಡುತ್ತಾ ಕಾಯುತ್ತಿದ್ದರು. ಒಳಗೆ ರೊಟ್ಟಿ ತಟ್ಟುವ ಸದ್ದು.

ಬೇಕರಿಯಲ್ಲಿ ಬನ್ನು ಅಗಿಯುತ್ತಾ ಬಿಂದುಮಾಧವ ಒಮ್ಮೆ ತನ್ನ ತಲೆ ಮುಟ್ಟಿ ಬೆರಳು ನೋಡಿಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ.