ತಣ್ಣಗೆ ತಿನ್ನಬೇಡ

ಅಂಕಿ ಇನ್ನೂ ನಿಂತಿಲ್ಲ, ಕುಣಿಯುತ್ತಿದೆ, ಲಾರಿ ತೂಕದ ಹಾಸಿನ ಮೇಲೆ ಹತ್ತಿ ನಿಂತರೂ ಅದರ ಹೊಟ್ಟೆಯೊಳಗಿನ ಗುಜರಿ ಕಬ್ಬಿಣ ಅಲುಗುತ್ತಲೇ ಇರುತ್ತದೆ, ಅದು ಸುಮ್ಮನಾಗುವ ತನಕ ಕಾಯಬೇಕು, ಕಾಯದೆ ನಾನು ಗುಂಡಿ ಒತ್ತಿದರೆ ಚೀಟಿಯಲ್ಲಿ ಸುಳ್ಳು ತೂಕ ಅಚ್ಚಾಗುತ್ತದೆ — ಲಾರಿಗೆ ಇರುವ ಇಷ್ಟು ಮರ್ಯಾದೆ ನನಗಿಲ್ಲ, ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನು ಮಾಪಕದ ಮೇಲೆ ನಿಂತು ಉಸಿರು ಬಿಡುವ ಮೊದಲೇ ನರ್ಸಮ್ಮ ಓದಿಬಿಟ್ಟಳು, ಅದೂ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, ಏರಿದೆಯಲ್ರೀ, ಮತ್ತೆ ಏರಿದೆ. ಚಪ್ಪಲಿ ಬಿಟ್ಟಿದ್ದೆ, ವಾಚು ಬಿಚ್ಚಿದ್ದೆ, ಕಿವಿಯ ಓಲೆಯನ್ನೂ ಬಿಚ್ಚಿ ಪರ್ಸಿಗೆ ಹಾಕಿದ್ದೆ, ಓಲೆ ಎಷ್ಟು ತೂಗುತ್ತದೆ ಎಂದು ಕೇಳಿದರೆ ನನಗೇ ನಗು ಬರಬೇಕು, ಆದರೂ ಬಿಚ್ಚಿದ್ದೆ. ಎಂಟು ಕಿಲೋ ಇಳಿಯಬೇಕು ಅಂದಿದ್ದರು, ಇಳಿದರೆ ಮಾತ್ರ ನನ್ನ ಕಿಡ್ನಿ ತೆಗೆದು ಅಕ್ಕನಿಗೆ ಹಾಕುತ್ತಾರಂತೆ, ದಪ್ಪ ಇರುವವರನ್ನು ಕುಯ್ದರೆ ಅಪಾಯವಂತೆ, ಅಪಾಯ ನನಗಲ್ಲವೇನ್ರೀ, ನಾನು ಒಪ್ಪಿದ್ದೇನಲ್ಲ, ನಿಮಗ್ಯಾಕೆ ಹೊಟ್ಟೆನೋವು ಎಂದು ಕೇಳಬೇಕಿತ್ತು, ಕೇಳಲಿಲ್ಲ, ದೊಡ್ಡ ಡಾಕ್ಟರ ಎದುರು ನನ್ನ ನಾಲಿಗೆ ಯಾವಾಗಲೂ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಹೋಗಪ್ಪಾ, ಚೀಟಿ ತಗೋ, ಇಲ್ಲಿ ಆ ನಾಲಿಗೆಗೆ ಏನೂ ತೊಂದರೆಯಿಲ್ಲ, ಲಾರಿಯವರಿಗೆಲ್ಲ ನನ್ನ ಬಾಯಿ ಕಂಡರೆ ಭಯ.

ಪಥ್ಯ ಹೇಳುವ ಆ ಹುಡುಗಿ, ಕಡ್ಡಿ ಎಂದೇ ನಾನು ಕರೆಯುವುದು, ಗಾಳಿ ಬೀಸಿದರೆ ಫೈಲಿನ ಜೊತೆ ತಾನೂ ಹಾರಿಹೋಗುವ ಹಾಗಿದ್ದಾಳೆ, ತಟ್ಟೆಯ ಚಿತ್ರ ತೋರಿಸಿ ಹೇಳಿದ್ದಳು, ಅರ್ಧ ತಟ್ಟೆ ತರಕಾರಿ ಆಂಟಿ, ಕಾಲು ಭಾಗ ಕಾಳೋ ಮೀನೋ ಮೊಟ್ಟೆಯೋ, ಉಳಿದ ಕಾಲು ಭಾಗ ಬ್ರೆಡ್ಡೋ ಅನ್ನವೋ, ಅದೂ ನಿಮ್ಮ ಮುಷ್ಟಿಯಷ್ಟು. ಯಾರ ಮುಷ್ಟಿ ತಾಯಿ, ನಿನ್ನದೋ ನನ್ನದೋ, ನನ್ನ ಮುಷ್ಟಿಯಲ್ಲಿ ನಿನ್ನಂಥವರ ಎರಡು ಮುಷ್ಟಿ ಅಡಗುತ್ತವೆ ಅಂದೆ, ನಗಲಿಲ್ಲ, ಬಟ್ಟಲಿನ ಲೆಕ್ಕ ಹಾಕಿಕೊಟ್ಟಳು. ಸರಿ, ಬಟ್ಟಲೇ ಆಗಲಿ ಎಂದು ಅಂದಿನಿಂದ ಬಟ್ಟಲಿನಲ್ಲೇ ತಿನ್ನುತ್ತಿದ್ದೇನೆ, ದೊಡ್ಡ ತಟ್ಟೆ ಅಟ್ಟ ಸೇರಿತು, ಚಿಕ್ಕ ತಟ್ಟೆಯಲ್ಲಿ ಕಡಿಮೆ ಊಟ ಜಾಸ್ತಿಯಾಗಿ ಕಾಣುತ್ತದಂತೆ, ಕಣ್ಣಿಗೆ ಮೋಸ ಮಾಡಬಹುದು, ಹೊಟ್ಟೆ ಏನು ಕುರುಡೇ, ಅದಕ್ಕೆ ಗೊತ್ತಾಗುತ್ತದೆ, ರಾತ್ರಿ ಗುರ್ ಎನ್ನುತ್ತದೆ. ಸಕ್ಕರೆ ಬಿಟ್ಟೆ, ಕರಿದದ್ದು ಬಿಟ್ಟೆ, ಗೇಟಿನ ಕಾವಲಿನ ಮೀಸೆಯಣ್ಣ ತಂದುಕೊಡುತ್ತಿದ್ದ ಬಿಸ್ಕತ್ತು ಬಿಟ್ಟೆ, ಪಾಪ, ಅವನಿಗೆ ಬೇಜಾರಾಯಿತು. ಮನೆಯಲ್ಲಿ ಎರಡು ಪಥ್ಯ, ನನ್ನದೊಂದು, ಅಕ್ಕನದೊಂದು, ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಅಕ್ಕನಿಗೆ ಉಪ್ಪೂ ಇಲ್ಲ, ನೀರೂ ಅಳತೆ, ದಿನಕ್ಕೊಂದು ಬಾಟಲಿ, ಗುಟುಕು ಗುಟುಕಾಗಿ ಹಕ್ಕಿಯ ಹಾಗೆ ಕುಡಿಯುತ್ತಾಳೆ. ಅವಳ ಬಲಗೈಯಲ್ಲಿ ಮೊಣಕೈಯ ಕೆಳಗೆ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ, ಡಯಾಲಿಸಿಸ್ ಸೂಜಿ ಚುಚ್ಚುವುದು ಅಲ್ಲೇ, ಮುಟ್ಟಿದರೆ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತದೆ, ಗುಂಯ್ ಅಂದರೆ ಸರಿಯಿದೆ ಎಂದರ್ಥ, ಎಡಗೈಯದು ಹೋದ ವರ್ಷ ಮುಚ್ಚಿಹೋಯಿತು, ಇದೂ ಮುಚ್ಚಿದರೆ ಚುಚ್ಚಲು ಜಾಗ ಹುಡುಕುವುದು ಕಷ್ಟ ಅಂದಿದ್ದಾರೆ, ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ನಾನು ಹಲ್ಲುಜ್ಜುವ ಮೊದಲು ಆ ಕೈ ಹಿಡಿದು ನೋಡುತ್ತೇನೆ. ಆ ಕೈಯಲ್ಲಿ ಭಾರ ಎತ್ತಬಾರದು, ಆದರೂ ಅಡುಗೆ ಮಾತ್ರ ತಾನೇ ಮಾಡಬೇಕು, ನೀನು ದುಡಿಯೋಳು, ನಾನು ಸುಮ್ನೆ ಕೂತ್ಕೊಂಡಿರೋಳು, ಅಷ್ಟೂ ಮಾಡಬಾರದಾ ಅನ್ನುತ್ತಾಳೆ. ಅಮ್ಮ ಹೋದಾಗಿನಿಂದ ನನಗೆ ಉಣ್ಣಿಸುತ್ತಿರುವವಳು, ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಎಷ್ಟೆಲ್ಲ ಬಿಟ್ಟೆ, ಕೊನೆಗೆ ಸಿಕ್ಕಿದ್ದು ಕಳ್ಳಿ ಎಂಬ ಹೆಸರು. ಕಡ್ಡಿ ಕೇಳುತ್ತಾಳೆ, ಆಂಟಿ, ನಡುನಡುವೆ ಏನಾದ್ರೂ ಬಾಯಾಡಿಸ್ತೀರಾ, ಗೊತ್ತಿಲ್ದೇನೇ ತಿಂದ್ಬಿಡ್ತಾರೆ ಕೆಲವರು. ಗೊತ್ತಿಲ್ಲದೆ ತಿನ್ನಲು ನಾನೇನು ನಿದ್ದೆಯಲ್ಲಿ ನಡೆಯುವವಳೇ, ಬಾಯಿ ನನ್ನದು, ಅದರೊಳಗೆ ಹೋಗಿದ್ದು ನನಗೆ ಗೊತ್ತಾಗುವುದಿಲ್ಲವೇ, ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬಾಯಿ ಒರೆಸಿಕೊಂಡೆ, ಅವಳು ಅದನ್ನು ನೋಡಿದಳು, ಬರೆದುಕೊಂಡಳು. ಅದಾದರೂ ಹೋಗಲಿ, ಆಮೇಲೆ ದೊಡ್ಡ ಡಾಕ್ಟರು ಬಾಗಿಲು ಹಾಕಿಸಿ, ಬಹಳ ಮೃದುವಾಗಿ ಹೇಳಿದರು, ನೋಡಿಯಮ್ಮ, ಕೆಲವರಿಗೆ ಒಳಗೊಳಗೇ ಕೊಡೋಕೆ ಇಷ್ಟ ಇರಲ್ಲ, ಬಾಯಿಬಿಟ್ಟು ಹೇಳೋಕೆ ಸಂಕೋಚ, ಆಗ ಹೀಗೆ ತೂಕ ಇಳಿಯಲ್ಲ, ಇಷ್ಟ ಇಲ್ಲ ಅಂದ್ರೆ ನಾವೇ ಏನಾದ್ರೂ ಕಾರಣ ಹೇಳ್ತೀವಿ, ನಿಮ್ಮ ಅಕ್ಕಂಗೆ ಗೊತ್ತಾಗಲ್ಲ. ಗೊತ್ತಾಗಲ್ಲವಂತೆ! ನಾನು ಕಿಡ್ನಿ ಉಳಿಸಿಕೊಳ್ಳಲು ಕದ್ದು ತಿನ್ನುತ್ತಿದ್ದೇನೆ ಎಂದರ್ಥ ತಾನೇ, ನನ್ನ ಹಸಿವಿನ ಮೇಲೆ ಆಣೆ, ನನ್ನ ಖಾಲಿ ಹೊಟ್ಟೆಯ ಮೇಲೆ ಆಣೆ, ಅಂಥ ಮಾತು ನನಗೆ ಯಾರೂ ಅಂದಿರಲಿಲ್ಲ, ಎದ್ದು ಬಂದುಬಿಟ್ಟೆ, ಬಸ್ಸಿನಲ್ಲಿ ಕೂತ ಮೇಲೆ ಹೇಳಬೇಕಾದ ಮಾತುಗಳೆಲ್ಲ ಸಾಲುಗಟ್ಟಿ ಬಂದವು, ಪಕ್ಕದವಳು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಸರಿದು ಕೂತಳು. ತೂಕ ತಾನಾಗಿ ಏರುವುದಿಲ್ಲ ಕಣಯ್ಯಾ, ಎಲ್ಲೋ ಏನೋ ತುಂಬಿರ್ತೀಯ, ಇದನ್ನು ಮೊನ್ನೆ ಆ ಕೆಂಪು ಲಾರಿಯವನಿಗೆ ನಾನೇ ಅಂದಿದ್ದೆ, ಸೀಟಿನ ಕೆಳಗೆ ನೀರಿನ ಕ್ಯಾನುಗಳನ್ನು ತುಂಬಿಕೊಂಡು ತೂಗಿಸಿದ್ದ, ಖಾಲಿ ಲಾರಿ ತೂಗುವ ಹೊತ್ತಿಗೆ ಚೆಲ್ಲಿಬಿಟ್ಟರೆ ನೀರಿನ ತೂಕಕ್ಕೂ ಗುಜರಿಯ ದುಡ್ಡು, ಅದು ಅವನ ಉಪಾಯ. ಎಲ್ಲೋ ಏನೋ ತುಂಬಿರಬೇಕು. ಆದರೆ ನನ್ನೊಳಗೆ ಏನು ತುಂಬಿದೆ, ಸಿಟ್ಟು ತುಂಬಿದೆ, ಸಿಟ್ಟಿಗೆ ತೂಕ ಇದ್ದಿದ್ದರೆ ಈ ಹಾಸು ಮುರಿಯುತ್ತಿತ್ತು. ಲಾರಿಗಳ ಸಾಲು ಖಾಲಿಯಾಯಿತು, ಊಟ ಮಾಡಬೇಕು, ಅಥವಾ ಊಟ ಎಂಬ ಹೆಸರಿನ ಆ ಬಟ್ಟಲಿನಷ್ಟನ್ನು.

ಈ ಕೋಣೆಯ ಮೂಲೆಯ ಒಲೆ ಹಚ್ಚಲು ಬೇಸರ, ಬಿಸಿ ಮಾಡಿ ಯಾರನ್ನು ಉದ್ಧಾರ ಮಾಡಬೇಕು, ಅಕ್ಕ ಕಟ್ಟಿಕೊಟ್ಟ ಡಬ್ಬಿ ಬೆಳಗಿನಿಂದ ಆಸ್ಪತ್ರೆಯ ಏಸಿಯಲ್ಲಿ ನನ್ನ ಜೊತೆಗೇ ಕೂತಿತ್ತು, ಮುಚ್ಚಳ ಕೂಡ ತಣ್ಣಗಿದೆ, ಬಿಚ್ಚಿದರೆ — ಇದೇನು. ಬೀನ್ಸು ಕಾಣುತ್ತಿಲ್ಲ, ಎಲೆಕೋಸು ಕಾಣುತ್ತಿಲ್ಲ, ಮೇಲೆ ಬೆಳ್ಳಗೆ ಒಂದು ಪದರ, ಕೆನೆಯ ಹಾಗೆ, ಮೇಣದ ಹಾಗೆ, ಬೆರಳಿನಿಂದ ಒತ್ತಿದರೆ ಗುರುತು ನಿಲ್ಲುತ್ತದೆ, ಮೂಸಿದರೆ, ಬೆಣ್ಣೆ. ಎಣ್ಣೆ ಒಂದೇ ಚಮಚ, ಬೆಣ್ಣೆಯ ಹೆಸರೂ ಎತ್ತಬೇಡಿ ಎಂದು ಕಡ್ಡಿ ಅಕ್ಕನ ಎದುರಿಗೇ ಹೇಳಿದ್ದು, ಅಕ್ಕ ತಲೆ ಅಲ್ಲಾಡಿಸಿದ್ದು. ಚಮಚದಿಂದ ಕೆರೆದೆ, ಒಂದು ಮುಷ್ಟಿ ಬರುತ್ತದೆ, ನನ್ನ ಮುಷ್ಟಿ. ಅಂದರೆ ದಿನಾ ಇದೇ, ಬೆಳಗಿನ ಓಟ್ಸ್ ಗಂಜಿ ಅಷ್ಟು ನುಣ್ಣಗಿರುವುದು ಯಾಕೆ ಎಂದು ಈಗ ತಿಳಿಯಿತು, ಬರೀ ಬೇಯಿಸಿದ ಎಲೆಕೋಸಿಗೆ ಇಷ್ಟು ರುಚಿ ಹೇಗೆ ತರ್ತೀಯೇ ಅಕ್ಕ ಎಂದು ನಾನು ಹೊಗಳಿದ್ದೆ, ಪೆದ್ದಿಯ ಹಾಗೆ ಬೆರಳು ನೆಕ್ಕಿಕೊಂಡು ಹೊಗಳಿದ್ದೆ, ಕೈಗುಣ ಕಣೇ ಎಂದು ನಕ್ಕಿದ್ದಳು. ದಿನಾ ಮಧ್ಯಾಹ್ನ ಫೋನು, ಬಿಸಿ ಮಾಡ್ಕೊಂಡ್ಯಾ, ತಣ್ಣಗೆ ತಿನ್ನಬೇಡ, ಹೊಟ್ಟೆ ಕೆಡುತ್ತೆ, ಬಿಸಿ ಮಾಡ್ಕೊಂಡೇ ತಿನ್ನು, ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಬಿಸಿಯಿದ್ದರೆ ಕರಗಿರುತ್ತದೆ, ಕಾಣುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಊರಿನ ಲಾರಿಗಳ ಕಳ್ಳತನ ಹಿಡಿಯುವವಳಿಗೆ ತನ್ನ ಬಟ್ಟಲಿನ ಕಳ್ಳತನ ಕಾಣಲಿಲ್ಲ, ಮತ್ತು ಕಳ್ಳಿ ಎಂದು ಅನ್ನಿಸಿಕೊಂಡವಳು ನಾನು, ಮುಚ್ಚಿದ ಬಾಗಿಲ ಹಿಂದೆ ತಲೆ ತಗ್ಗಿಸಿ ಕೂತವಳು ನಾನು, ಇಷ್ಟವಿಲ್ಲದ್ದು ಅವಳಿಗೆ, ಅವಳಿಗೆ.

ಎಷ್ಟು ಧೈರ್ಯ ಅವಳಿಗೆ, ಬೇಡ ಅಂದರೆ ಬೇಡ ಎಂದು ಹೇಳಲು ಬಾಯಿರಲಿಲ್ಲವೇ, ಕೊಡಲು ಇಷ್ಟವೇ, ಯಾರಾದರೂ ಒತ್ತಾಯ ಮಾಡಿದರೇ ಎಂದು ಆಸ್ಪತ್ರೆಯಲ್ಲಿ ನನ್ನನ್ನು ಒಬ್ಬಳನ್ನೇ ಕೂರಿಸಿ ಎಷ್ಟು ಸಲ ಕೇಳಿದರು, ತೆಗೆದುಕೊಳ್ಳಲು ಇಷ್ಟವೇ ಎಂದು ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಯಾಕೆ ಕೇಳಬೇಕು, ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದು ಗೊತ್ತಿದ್ದೇ ಕೇಳಲಿಲ್ಲ. ಫೋನು ಹೊಡೆದುಕೊಳ್ಳುತ್ತಿದೆ, ಅವಳೇ, ದಿನದ ಹೊತ್ತು ತಪ್ಪಿಲ್ಲ. ಊಟ ಆಯ್ತಾ. ಇಲ್ಲ. ಬಿಸಿ ಮಾಡ್ಕೊಂಡ್ಯಾ. ಇಲ್ಲ ಅಕ್ಕ, ತಣ್ಣಗಿದೆ, ತೆಗೆದು ನೋಡ್ತಾ ಇದೀನಿ. ಆ ಕಡೆ ನಲ್ಲಿ ತೊಟ್ಟಿಕ್ಕುವ ಸದ್ದು, ಹೊರಗೆ ಮೀಸೆಯಣ್ಣ ಯಾರಿಗೋ ಗದರುತ್ತಿದ್ದಾನೆ, ನಾನು ಬೈಗುಳವನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಕಾಯುತ್ತಿದ್ದೇನೆ, ಇವತ್ತಿನಿಂದ ಒಲೆಯ ಹತ್ತಿರ ಬಂದರೆ ನೋಡು, ಇನ್ನು ಅಡುಗೆ ನನ್ನದು, ಎಂಟಲ್ಲ, ಹತ್ತು ಕಿಲೋ ಇಳಿಸಿ ತೋರಿಸುತ್ತೇನೆ, ಎಳೆದುಕೊಂಡು ಹೋಗಿ ಆಪರೇಷನ್ನಿಗೆ ಮಲಗಿಸುತ್ತೇನೆ ನಿನ್ನನ್ನು, ಆಗ ಅವಳು ನಿಧಾನವಾಗಿ, ತರಕಾರಿ ಹೆಚ್ಚುತ್ತಾ ಮಾತಾಡುವ ಹಾಗೆ ಹೇಳುತ್ತಾಳೆ, ನಿಂಗೇನಾದ್ರೂ ಆದ್ರೆ ನಾನು ಯಾರಿಗೆ ಅಡುಗೆ ಮಾಡ್ಲಿ. ನಿಂಗೇನಾದ್ರೂ ಆದ್ರೆ ಎಂದು ನಾನು ದಿನಾ ಬೆಳಿಗ್ಗೆ ಕೈ ಹಿಡಿದು ನೋಡುವುದಿಲ್ಲವೇ, ಅದು ಲೆಕ್ಕಕ್ಕಿಲ್ಲವೇ, ಹೇಳಬೇಕು, ಹೇಳುತ್ತೇನೆ, ನಾಲಿಗೆ ಮತ್ತೆ ಅಂಟಿಕೊಂಡಿದೆ, ಅವಳೂ ಫೋನು ಇಡುತ್ತಿಲ್ಲ, ನಾನೂ ಇಡುತ್ತಿಲ್ಲ, ಕಿವಿಗೆ ಒತ್ತಿ ಹಿಡಿದರೆ ಗುಂಯ್ ಎಂಬುದು ಕೇಳಿಸೀತೇ, ಫೋನು ಹಿಡಿದಿರುವುದು ಆ ಕೈಯಲ್ಲೇ ಇರಬೇಕು, ಇಲ್ಲ, ಕೇಳಿಸುವುದಿಲ್ಲ, ಕಾಣಿಸುತ್ತದೆ, ನಾನು ಇನ್ನೂ ಮಲಗಿರುವಾಗ ಒಲೆಯ ಮುಂದೆ ನಿಂತಿದ್ದಾಳೆ, ಸೂಜಿಯ ಗಂಟುಗಂಟಿನ ಆ ಕೈ, ಭಾರ ಎತ್ತಬಾರದ ಆ ಕೈ, ನನ್ನ ಬಟ್ಟಲಿನ ಮೇಲೆ ಚಮಚ ಓರೆ ಮಾಡಿ ಹಿಡಿದಿದೆ, ಬೆಣ್ಣೆ ಜಾರುತ್ತಿದೆ, ಆ ಕೈ ಗುಂಯ್ಗುಡುತ್ತಿದೆ, ಆ ಕೈ