ಮೂರು ಅಡಿ, ಒಂದು ಬಾಗಿಲು

ನಾನು ನೂರು ಅಡಿ ಉದ್ದದ ಅಳತೆ ಟೇಪು. ಗಟ್ಟಿ ಬಟ್ಟೆಯ ಪಟ್ಟಿಗೆ ಬಣ್ಣ ಬಳಿದು, ಕಪ್ಪು ಗೆರೆ, ಕೆಂಪು ಅಂಕಿ ಒತ್ತಿ, ದುಂಡನೆಯ ಚರ್ಮದ ಡಬ್ಬಿಯೊಳಗೆ ನನ್ನನ್ನು ಸುತ್ತಿಟ್ಟರು. ಕಾರ್ಖಾನೆಯಿಂದ ಹೊರಬೀಳುವಾಗ ನನಗೆ ಬಹಳ ಜಂಬವಿತ್ತು. ಬಡವನ ಅಡಿ, ಸಾಹುಕಾರನ ಅಡಿ ಎಂದು ಎರಡಿಲ್ಲ, ನಾನಿದ್ದಲ್ಲಿ ನ್ಯಾಯ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಈಗ ಅದನ್ನು ನೆನೆದರೆ ನಗುವೂ ಬರುತ್ತದೆ, ತಲೆಯೂ ಕೆಡುತ್ತದೆ.

ನನ್ನನ್ನು ಕೊಂಡದ್ದು ಬಯಲುಸೀಮೆಯ ಒಂದು ಸಣ್ಣ ಊರಿನ ಪುರಸಭೆ. ನಾನು ಸೇರಿದ್ದು ಕರ ವಸೂಲಿ ಮಾಡುವ ನೀಲಪ್ಪನ ಕೈ. ಆ ಊರಲ್ಲಿ ಅಂಗಡಿಗಳಿಗೂ ಕಟ್ಟಡಗಳಿಗೂ ಕರ ಹಾಕುತ್ತಿದ್ದದ್ದು ಬೀದಿಗೆ ಮುಖ ಮಾಡಿದ ಅಗಲದ ಮೇಲೆ. ನೀಲಪ್ಪ ನನ್ನ ಒಂದು ತುದಿಯನ್ನು ಅಂಗಡಿಯವರ ಕಾಲಡಿಗೆ ಕೊಟ್ಟು, "ಒತ್ತಿ ಹಿಡೀರಿ" ಎನ್ನುತ್ತ ಡಬ್ಬಿ ಹಿಡಿದು ನಡೆಯುತ್ತಿದ್ದ. ಹಾಗಾಗಿ ಊರಿನ ಬಹುಪಾಲು ಜನರನ್ನು ನಾನು ಹಿಮ್ಮಡಿಯಿಂದಲೇ ಬಲ್ಲೆ. ಮಲ್ಲನಗೌಡರ ಕಲ್ಯಾಣಮಂಟಪ ತೊಂಬತ್ತು ಅಡಿ. ಅಲ್ಲಿ ನನ್ನನ್ನು ತುಳಿದದ್ದು ಕಿರುಗುಟ್ಟುವ ಚರ್ಮದ ಚಪ್ಪಲಿ. ಪೇಟೆಯ ಮೂಲೆಯಲ್ಲಿ ಶಂಕ್ರವ್ವ ಹೂಗಾರಳ ಅಂಗಡಿ ಆರೇ ಅಡಿ. ಅಲ್ಲಿ ಒಡೆದ ಹಿಮ್ಮಡಿ, ಅದಕ್ಕಂಟಿದ ಮಲ್ಲಿಗೆಯ ಎಸಳು.

ಖಂಡೇನವಮಿಗೆ ನೀಲಪ್ಪ ನನಗೆ ಪೂಜೆ ಮಾಡುವಾಗ ಶಂಕ್ರವ್ವ ತಪ್ಪದೆ ಸೇವಂತಿಗೆ ತಂದುಕೊಡುತ್ತಿದ್ದಳು. ಬಳೆ ಅಂಗಡಿಯವಳು ಒಮ್ಮೆ ಚುಡಾಯಿಸಿದಳು: "ಕರ ಹಾಕೂ ಟೇಪಿಗೆ ಹೂವ ಬ್ಯಾರೆ ಕೇಡು."

"ಆ ಕರದಾಗ ನಮ್ಮ ಹೆಣ್ಮಕ್ಕಳ ಪಾಯಖಾನಿ ನಡಿತೈತಿ, ತಂಗಿ" ಎಂದಳು ಶಂಕ್ರವ್ವ.

ಅದು ನಿಜ. ಪೇಟೆಯ ಹಿಂದೆ ಪುರಸಭೆಯ ಶೌಚಾಲಯವಿತ್ತು. ಮುಂಜಾನೆಯಿಂದ ದೀಪ ಹಚ್ಚುವವರೆಗೆ ಕೂತು ಮಾರುವ ಹೆಂಗಸರಿಗೆ ಅದೊಂದೇ ದಿಕ್ಕು.

ಒಂದು ವರ್ಷ ಕರ ಇಳಿಸಬೇಕೆಂಬ ಮಾತೆದ್ದಿತು. ಎಬ್ಬಿಸಿದವನು ಪೇಟೆ ವಾರ್ಡಿನ ಸದಸ್ಯ ದಾವಲಸಾಬ. ಹತ್ತು ಅಡಿಯೊಳಗಿನ ಅಂಗಡಿಗಳಿಗೆ ಮಾತ್ರ ಅರ್ಧ ಕರ ಎಂಬುದು ಅವನ ಬೇಡಿಕೆ. ಆನೆಗೆ ಆನೆಭಾರ, ಇರುವೆಗೆ ಇರುವೆಭಾರ ಎಂದು ಅವನು ಸಭೆಯಲ್ಲಿ ಹೇಳಿದಾಗ, ನೀಲಪ್ಪನ ಜೊತೆ ಬಂದು ಮೇಜಿನ ಮೇಲೆ ಕೂತಿದ್ದ ನನಗೆ ಸರಿ ಎನಿಸಿತು. ಆಮೇಲೆ, ತಾವೂ ಸದಸ್ಯರಾಗಿದ್ದ ಮಲ್ಲನಗೌಡರು ಎದ್ದರು.

"ಹೆಚ್ಚು ಕೊಡಾವ್ರೂ ನಾವ, ಕಡಿಮಿ ಮಾಡೂಮುಂದ ಹೊರಗ ನಿಲ್ಲಾವ್ರೂ ನಾವ. ಇದ್ಯಾವ ನ್ಯಾಯರೀ?"

ಅದೂ ಸರಿ ಎನಿಸಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ಸಭೆಯ ಮೇಲೆ ಸಭೆ ಮುಂದಕ್ಕೆ ಹೋಯಿತು. ಕಡೆಗೊಂದು ದಿನ ಮಿರ್ಚಿಭಜಿ ತಿನ್ನುತ್ತ ರಾಜಿಯಾಯಿತು. ಎಲ್ಲರಿಗೂ ಅರ್ಧ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ದಾವಲಸಾಬ ಎಲ್ಲರಿಗಿಂತ ಕೊನೆಗೆ ಕೈ ಎತ್ತಿದ. "ಒಪ್ಪಲಿಲ್ಲಂದ್ರ ಸಣ್ಣವ್ರಿಗೆ ಅದೂ ದಕ್ಕಂಗಿಲ್ಲ" ಎಂದು ಹೊರಗೆ ಬಂದ ಮೇಲೆ ನೀಲಪ್ಪನಿಗೆ ಹೇಳಿದ.

ಶಂಕ್ರವ್ವ ಅವನಿಗೆ ಹಾರ ಹಾಕಿದಳು. ನಾನು ಡಬ್ಬಿಯೊಳಗೆ ಲೆಕ್ಕ ಹಾಕಿದೆ. ಅವಳಿಗೆ ಉಳಿದದ್ದು ಮೂರು ಅಡಿಯ ಕರ, ಗೌಡರಿಗೆ ಉಳಿದದ್ದು ನಲವತ್ತೈದು ಅಡಿಯದು. ಎರಡೂ ಅರ್ಧವೇ. ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ಏನೋ ಕಸಿವಿಸಿ.

ಪುರಸಭೆಯ ಪೆಟ್ಟಿಗೆ ಬರಿದಾಗತೊಡಗಿತು. ಏನನ್ನು ನಿಲ್ಲಿಸುವುದು? ಬೀದಿದೀಪ ಆರಿದರೆ ಮದುವೆಯ ದಿಬ್ಬಣ ಗಲಾಟೆ ಮಾಡುತ್ತದೆ. ಶೌಚಾಲಯ ಮುಚ್ಚಿದರೆ ಹೆಂಗಸರು ನಾಚಿ ಸುಮ್ಮನಿರುತ್ತಾರೆ. ಮೊದಲು ತೊಳೆಯುವವಳನ್ನು ಬಿಡಿಸಿದರು, ಆಮೇಲೆ ಬಾಗಿಲಿಗೆ ಬೀಗ ಹಾಕಿದರು.

ಅಷ್ಟರಲ್ಲಿ ನನ್ನ ಅಂಕಿಗಳು ಮಾಸಿದವು, ಡಬ್ಬಿಯ ಹಿಡಿಕೆ ಮುರಿಯಿತು. ಕಚೇರಿಗೆ ಉಕ್ಕಿನ ಟೇಪು ಬಂತು. ನಿವೃತ್ತನಾದ ನೀಲಪ್ಪ ನನ್ನನ್ನು ಶಂಕ್ರವ್ವನಿಗೆ ಕೊಟ್ಟ. "ನಿನ್ನ ಮೊಳ ಗಿಡ್ಡ ಅಂತ ಗಿರಾಕಿ ಜಗಳ ತಗೀತಾರಲ್ಲ, ಇದರಾಗ ಅಳದು ಕೊಡು ಬೇ."

ಅವಳು ನನ್ನನ್ನು ಮೊಳೆಗೆ ನೇತುಹಾಕಿದಳು, ಒಂದು ದಿನವೂ ಬಿಚ್ಚಲಿಲ್ಲ. ಅಲ್ಲಿಂದಲೇ ನಾನು ಮೊದಲ ಸಲ ಜನರ ಮುಖ ನೋಡಿದ್ದು. ಗೌಡರ ಮಂಟಪಕ್ಕೆ ಹೂ ಅಳೆಯುವಾಗ ಅವಳ ಮೊಳ ಮೊಣಕೈಗೆ ಸರಿಯಾಗಿ ನಿಲ್ಲುತ್ತದೆ. ಕೂಲಿ ಮುಗಿಸಿ ಬಂದ ಹೆಂಗಸು ಕೇಳಿದರೆ ಅದೇ ಮೊಳ ಮೊಣಕೈ ದಾಟಿ ಮೇಲೇರುತ್ತದೆ. ನನ್ನ ಗೆರೆಗಳ ಪ್ರಕಾರ ಇದು ಶುದ್ಧ ಮೋಸ. ಆದರೆ ಇಬ್ಬರೂ ನಗುತ್ತಲೇ ಹೋಗುತ್ತಾರೆ.

ಇನ್ನೊಂದನ್ನೂ ಕಂಡೆ. ಅವಳ ಪಕ್ಕದ ತಂಬಿಗೆಯ ನೀರೆಲ್ಲ ಹೂವಿಗೇ. ಮುಂಜಾನೆ ಕೂತವಳು ಸಂಜೆಯವರೆಗೆ ಒಂದು ಗುಟುಕೂ ಕುಡಿಯುವುದಿಲ್ಲ. ಒಮ್ಮೊಮ್ಮೆ ಕಿಬ್ಬೊಟ್ಟೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾಳೆ. ನೀರು ಕುಡಿಯದೆ ಕಲ್ಲು ಕಟ್ಟಿದೆ ಎಂದು ಡಾಕ್ಟರು ಬೈದಿದ್ದಾರಂತೆ. ನನಗೆ ಅವಳನ್ನು ನೋಡಿದರೆ ಸಂಕಟವಾಗುತ್ತದೆ.

ಮೊನ್ನೆ ದಾವಲಸಾಬ ಬಂದ. ಬಿಸಿಲಿಗೆ ಬಾಡಿದ ಅವಳ ಮುಖ ನೋಡಿ ತಲೆ ತಗ್ಗಿಸಿದ.

"ನಾ ಕೈ ಎತ್ತದಿದ್ರ ನಿನಗ ಆ ಮೂರು ಫೂಟೂ ಸಿಗ್ತಿದ್ದಿಲ್ಲ, ಅಕ್ಕಾ."

"ಖರೇ ಐತಿ, ತಮ್ಮಾ. ಬಂದದ್ದು ಮೂರು ಫೂಟು, ಹ್ವಾದದ್ದು ಒಂದು ಬಾಗಲಾ. ಗೌಡ್ರಿಗೆ ಯಾವ ಬಾಗಲಾ ಹೋತು?"

"ಪೂರಾ ಕರ ಮತ್ತ ಹಾಕ್ರಿ ಅಂದ್ರ ಸಣ್ಣವ್ರು ನನ್ನ ಬಡೀತಾರ. ದೊಡ್ಡವ್ರಿಗಷ್ಟ ಹಾಕ್ರಿ ಅಂದ್ರ ಸಭಾನ ಕೂಡಂಗಿಲ್ಲ" ಎಂದು ಅವನು ತನಗೇ ಹೇಳಿಕೊಂಡ. ಮನೆಯವಳಿಗೆಂದು ಮಲ್ಲಿಗೆ ಕೇಳಿದ. ಶಂಕ್ರವ್ವ ಅಳೆದಳು, ಮೊಳ ಮೊಣಕೈ ದಾಟಿತು. ಅವನ ಮೇಲೆ ಸಿಟ್ಟಿದ್ದರೂ ಕೊಸರು ಕೊಟ್ಟಳಲ್ಲ, ಯಾಕೆಂದು ನನಗೆ ಗೊತ್ತಾಗಲಿಲ್ಲ.

ಹೋಗುವ ಮುನ್ನ ಅವನು ತನ್ನ ನೀರಿನ ಬಾಟಲಿ ಅವಳ ಮುಂದಿಟ್ಟ. "ಬಿಸಲು ಭಾಳ ಐತಿ, ಕುಡಿ ಅಕ್ಕಾ."

"ಸಂಜಿಕ ಮನಿಗೆ ಹೋಗಿ ಕುಡಿತೀನಿ" ಎಂದು ಅವಳು ಅದನ್ನು ಹೂವಿನ ಬುಟ್ಟಿಯ ಹಿಂದೆ ಸರಿಸಿದಳು.

ನಾನು ಮುದಿಯಾದೆ, ಆದರೂ ಅಳೆಯುವ ಚಾಳಿ ಬಿಟ್ಟಿಲ್ಲ. ಈ ಮೊಳೆಯಿಂದ ಪೇಟೆಯ ಹಿಂದಿನ ಆ ಬೀಗದವರೆಗೆ ನನ್ನ ನೂರು ಅಡಿ ಧಾರಾಳ ಸಾಕು. ಎಲ್ಲರಿಗೂ ಸಮ ಸಮ ಹಂಚಿದ ಮೇಲೆ ಶಂಕ್ರವ್ವನಿಗೆ ಮಾತ್ರ ಅದು ಇಷ್ಟು ದೂರ ಹೇಗಾಯಿತು, ನನಗೆ ಇನ್ನೂ ತಿಳಿದಿಲ್ಲ.