ನೀರಿಗೆ ಬಂದ ರೋಗ

ಡಾಕ್ಟರಮ್ಮನಿಗೆ ಸುಳ್ಳಿನ ವಾಸನೆ ಏಳು ಗೋಡೆಯಾಚೆಯಿಂದಲೇ ಹತ್ತುತ್ತಿತ್ತು. ತನ್ನ ತಾಯಿಯ ಕೈಕಾಲು ನಡುಗಿಸಿ ಕೊಂದ ರೋಗದ ವಂಶವಾಹಿಯನ್ನು ಬೆನ್ನಟ್ಟಿ, ಇಪ್ಪತ್ತು ವರ್ಷದಲ್ಲಿ ಲಕ್ಷ ಜನರ ರಕ್ತ ಜಾಲಾಡಿದ್ದಳು. ಅಂಥವಳ ಪ್ರಯೋಗಾಲಯದಲ್ಲಿ, ತಾಳೆ ನೋಡಲೆಂದು ಬರೀ ನೀರು ತುಂಬಿಟ್ಟ ನಳಿಕೆಯಲ್ಲೂ ಆ ರೋಗದ ಗುರುತು ಮೂಡಿತು!

“ನೀರಿಗೂ ರೋಗ ಬಂತಾ? ಯಾರದೋ ಎಂಜಲು ಬಿದ್ದಿದೆ. ಯಾರ್ರೀ ಅದು?” ಆ ಗುಡುಗಿಗೆ ಮೂರು ಬೀದಿಯಾಚೆ ನಾಯಿಗಳು ಬೊಗಳಿದವು.

ಗುಮಾಸ್ತ, ಕಾವಲುಗಾರ, ಕಸ ಗುಡಿಸುವವಳು, ಯಾರನ್ನೂ ನಂಬದೆ ಎಲ್ಲರ ಎಂಜಲನ್ನೂ ಪರೀಕ್ಷಿಸಿದಳು. ಒಬ್ಬರಲ್ಲೂ ಆ ಗುರುತಿರಲಿಲ್ಲ.

“ಹಾಗಾದ್ರೆ ದೆವ್ವ ಬಂದು ಉಗುಳಿತಾ?”

ಹಿರಿಯ ಸಹಾಯಕಿ ಕನ್ನಡಕ ಒರೆಸಿಕೊಂಡಳು. “ಸಿಟ್ಟಾಗ್ಬೇಡಿ ಮೇಡಂ. ನಳಿಕೆ ಮೇಲೆ ಬಗ್ಗಿ ದಿನಾ ನಮ್ಮನ್ನ ಬಯ್ಯೋರು ಯಾರು? ಊರೋರದ್ದೆಲ್ಲ ನೋಡಿದ್ರಿ, ನಿಮ್ದು ಯಾವತ್ತಾದ್ರೂ ನೋಡ್ಕೊಂಡ್ರಾ?”

ಇಪ್ಪತ್ತು ವರ್ಷದಿಂದ ಅದೊಂದನ್ನೇ ಅವಳು ನಾಳೆ ನಾಳೆ ಎಂದು ತಳ್ಳಿದ್ದಳು. ಈಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡಳು.

ಹತ್ತಿಕಡ್ಡಿಯನ್ನು ಕೆನ್ನೆಯೊಳಗೆ ಆಡಿಸಿ ಸಹಾಯಕಿಗೆ ಕೊಟ್ಟಳು.

“ನೀನೇ ನೋಡಮ್ಮ,” ಎಂದಳು ಮೆಲ್ಲಗೆ. “ನನ್ನ ಕೈನ ನಾನೇ ನಂಬೋ ಹಾಗಿಲ್ಲ.”